ಕೆಂಗೇರಿ ಕಡೆ ಪಾರ್ಕಿಂಗ್ ಇರುವ ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿಯುವುದು: ಹುಡುಕಾಟದಿಂದ ಹಾಲುಕ್ಕಿಸುವವರೆಗೆ

ಬೆಂಗಳೂರಿನ ಕೆಂಗೇರಿ ಉಪನಗರದ ಹತ್ತಿರ ನಾವು ಮೊದಲು ಹಿಡಿದ ಬಾಡಿಗೆ ಫ್ಲಾಟ್‌ನಲ್ಲಿ ಎರಡು ಬೆಡ್‌ರೂಮು, ಒಳ್ಳೆ ಗಾಳಿ ಬೆಳಕು, ಬಾಲ್ಕನಿಯಲ್ಲಿ ತುಳಸಿ ಕುಂಡ ಇಡುವಷ್ಟು ಜಾಗ ಎಲ್ಲ ಇತ್ತು. ಅಗ್ರಿಮೆಂಟ್‌ನಲ್ಲಿ "ಒಂದು ಕಾರ್ ಪಾರ್ಕಿಂಗ್ ಸಹಿತ" ಅಂತ ಬರೆದಿತ್ತು. ಮನೆಗೆ ಬಂದ ಮೂರನೇ ದಿನ ರಾತ್ರಿ ಒಂಬತ್ತಕ್ಕೆ ಬಂದು ನೋಡಿದರೆ ನಾವು ಕಾರು ನಿಲ್ಲಿಸುತ್ತಿದ್ದ ಜಾಗದಲ್ಲಿ ಬೇರೆಯವರ ಕಾರು. "ಮೇಡಂ, ಅದು 204ರವರದ್ದು. ಊರಿಗೆ ಹೋಗಿದ್ರು, ಇವತ್ತು ಬಂದ್ರು. ನಿಮ್ದು ಆ ಮೂಲೆ" ಅಂದರು ವಾಚ್‌ಮನ್. ಆ ಮೂಲೆಯಲ್ಲಿ ಒಂದು ಕಡೆ ಕಂಬ, ಇನ್ನೊಂದು ಕಡೆ ಗೋಡೆ. ಕಾರನ್ನು ಹೇಗೋ ಒಳಗೆ ತಂದರೆ ಡ್ರೈವರ್ ಕಡೆಯ ಬಾಗಿಲು ಒಂದು ಗೇಣು ಕೂಡ ತೆರೆಯುತ್ತಿರಲಿಲ್ಲ. ಹನ್ನೊಂದು ತಿಂಗಳು ಪಕ್ಕದ ಸೀಟು ದಾಟಿಕೊಂಡು ಇಳಿದಿದ್ದೇನೆ.

ಆ ಮೇಲೆ ಎರಡು ಮನೆ ಬದಲಾಯಿಸಿದ್ದೇವೆ. ನೆಂಟರಿಗೆ, ಆಫೀಸಿನವರಿಗೆ ಮನೆ ನೋಡಿಕೊಟ್ಟಿದ್ದೇನೆ. ಕಾರು ಇರುವವರಿಗೆ ನಾನು ಹೇಳುವುದು ಒಂದೇ: ಮೊದಲು ಪಾರ್ಕಿಂಗ್ ನೋಡಿ, ಆಮೇಲೆ ಲಿಫ್ಟ್ ಹತ್ತಿ. ಮನೆ ಇಷ್ಟವಾದ ಮೇಲೆ ಕೆಳಗೆ ಬಂದರೆ ಯಾವ ಮೂಲೆಯಾದರೂ "ಪರವಾಗಿಲ್ಲ" ಅನ್ನಿಸಿಬಿಡುತ್ತದೆ.

ಕೆಂಗೇರಿಯನ್ನು ಇಟ್ಟುಕೊಂಡೇ ಹೇಳುತ್ತೇನೆ, ಯಾಕಂದರೆ ನನಗೆ ಚೆನ್ನಾಗಿ ಗೊತ್ತಿರುವುದು ಅದೇ. ಯಲಹಂಕ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆ ಹುಡುಕುವವರಿಗೂ ಬಹುಪಾಲು ಇದೇ ಕ್ರಮ.

1. ಮೊದಲು ಏರಿಯಾ

ಮೆಟ್ರೋದ ನೇರಳೆ ಮಾರ್ಗ 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ ಬಂತು, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದವರೆಗೆ ಹೋಯಿತು. ಈಗ ಇಲ್ಲಿಂದ ವೈಟ್‌ಫೀಲ್ಡ್‌ಗೆ ಒಂದೇ ರೈಲಿನಲ್ಲಿ ಹೋಗಬಹುದು. ಮೈಸೂರು ಲೈನಿನ ಕೆಂಗೇರಿ ರೈಲು ನಿಲ್ದಾಣ ಇದೆ, ನೈಸ್ ರಸ್ತೆ ಹತ್ತಿರದಲ್ಲೇ ಇದೆ. ನೈಸ್ ರಸ್ತೆಯಲ್ಲಿ ದಿನಾ ಓಡಾಡುವವರು ಟೋಲನ್ನು ತಿಂಗಳ ಖರ್ಚಿಗೆ ಸೇರಿಸಿಕೊಳ್ಳಬೇಕು.

ಮೆಟ್ರೋದಲ್ಲಿ ಆಫೀಸಿಗೆ ಹೋಗುವವರ ಕಾರು ದಿನಕ್ಕೆ ಇಪ್ಪತ್ತೆರಡು ಗಂಟೆ ಪಾರ್ಕಿಂಗ್‌ನಲ್ಲೇ ಇರುತ್ತದೆ. ಹಾಗಾಗಿ "ನಾವು ಕಾರು ತೆಗೆಯೋದೇ ಕಮ್ಮಿ, ಎಲ್ಲಾದರೂ ನಿಲ್ಲಿಸಿದರಾಯ್ತು" ಅನ್ನುವ ಮಾತು ಸರಿಯಲ್ಲ. ಕಾರು ತೆಗೆಯುವುದು ಕಡಿಮೆಯಾದಷ್ಟೂ ಅದು ನಿಲ್ಲುವ ಜಾಗ ಚೆನ್ನಾಗಿರಬೇಕು.

ಗೊತ್ತು ಮಾಡಿಕೊಳ್ಳುವ ಮುಂಚೆ ಮನೆಯಿಂದ ಸ್ಟೇಷನ್‌ವರೆಗೆ ಒಂದು ಸಲ ನಡೆದು ನೋಡಿ. ಮ್ಯಾಪ್‌ನಲ್ಲಿ ಎಂಟುನೂರು ಮೀಟರ್ ಅಂತ ಇರುತ್ತದೆ, ಮಧ್ಯದಲ್ಲಿ ಮೈಸೂರು ರಸ್ತೆ ದಾಟಬೇಕಾಗಿರುತ್ತದೆ. ಇನ್ನೊಂದು ವಿಷಯ, ವೃಷಭಾವತಿ. ಈ ಕಡೆ ಮಳೆನೀರು ಹರಿಯುವುದು ಅದಕ್ಕೇ. ನದಿಗೋ ರಾಜಕಾಲುವೆಗೋ ಹತ್ತಿರದ ತಗ್ಗಿನಲ್ಲಿರುವ ಕಟ್ಟಡವಾದರೆ ಸಂಜೆ ಹೊತ್ತು ವಾಸನೆ ಇದೆಯಾ, ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಪಕ್ಕದ ಅಂಗಡಿಯಲ್ಲಿ ಕೇಳಿ. ಅಂಗಡಿಯವರು ನಿಜ ಹೇಳುತ್ತಾರೆ, ಮನೆ ಬಾಡಿಗೆಗೆ ಕೊಡುವವರು ಅವರಲ್ಲವಲ್ಲ.

2. ಬಾಡಿಗೆಯ ನಿಜವಾದ ಲೆಕ್ಕ

ಬೋರ್ಡಿನಲ್ಲಿ ಬರೆದ ಬಾಡಿಗೆ ಪೂರ್ತಿ ಬಾಡಿಗೆ ಅಲ್ಲ. ಉದಾಹರಣೆಗೆ ಬಾಡಿಗೆ 22,000, ಮೇಂಟೆನೆನ್ಸ್ 2,500 ಅಂತಿಟ್ಟುಕೊಳ್ಳಿ. ಐದು ತಿಂಗಳ ಅಡ್ವಾನ್ಸ್ 1,10,000, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ 22,000, ಮೊದಲ ತಿಂಗಳ ಬಾಡಿಗೆ ಮತ್ತು ಮೇಂಟೆನೆನ್ಸ್ 24,500. ಕೀಲಿ ಕೈಗೆ ಬರುವಷ್ಟರಲ್ಲಿ 1,56,500 ರೂಪಾಯಿ ಬೇಕು. ಸಾಮಾನು ಸಾಗಿಸುವ ಖರ್ಚು ಬೇರೆ.

ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನ ರೂಢಿ. ಬ್ರೋಕರ್ ಹಣ, ಪೇಂಟಿಂಗ್ ಹಣ ಎರಡೂ ವಾಪಸ್ ಬರುವಂಥದ್ದಲ್ಲ: 44,000. ಹನ್ನೊಂದೇ ತಿಂಗಳಿಗೆ ಬಿಟ್ಟರೆ ತಿಂಗಳಿಗೆ 4,000 ಬಿತ್ತು. ಅಲ್ಲಿಗೆ ಆ ಮನೆಯ ನಿಜವಾದ ಬಾಡಿಗೆ 28,500. ಮೂರು ವರ್ಷ ಇದ್ದರೆ ಈ ಹೊರೆ ತಿಂಗಳಿಗೆ ಸುಮಾರು 1,200ಕ್ಕೆ ಇಳಿಯುತ್ತದೆ. ಅದಕ್ಕೇ ಹೇಳುವುದು, ಸಣ್ಣ ತೊಂದರೆಗೆಲ್ಲ ಮನೆ ಬದಲಾಯಿಸುವಂತಾಗಬಾರದು, ಮೊದಲೇ ಸರಿಯಾಗಿ ನೋಡಿ ಹಿಡಿಯಬೇಕು.

3. ಹುಡುಕುವುದು

ಆ್ಯಪ್‌ಗಳಲ್ಲಿ ನೋಡಿ, ಬ್ರೋಕರ್‌ಗೂ ಹೇಳಿ. ಆದರೆ ನನಗೆ ಒಳ್ಳೆಯ ಮನೆಗಳು ಸಿಕ್ಕಿದ್ದು ಭಾನುವಾರ ಬೆಳಿಗ್ಗೆ ಗಲ್ಲಿ ಸುತ್ತಿ, "ಟು-ಲೆಟ್" ಬೋರ್ಡ್ ನೋಡಿ, ಸೆಕ್ಯೂರಿಟಿಯವರನ್ನು ಮಾತಾಡಿಸಿದಾಗ. ಯಾವ ಫ್ಲಾಟ್ ಮುಂದಿನ ತಿಂಗಳು ಖಾಲಿಯಾಗುತ್ತದೆ ಅನ್ನುವುದು ಅವರಿಗೆ ಮೊದಲು ಗೊತ್ತಿರುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಸ್ಕೂಲು ಬದಲಾಯಿಸುವವರೆಲ್ಲ ಹುಡುಕುತ್ತಿರುತ್ತಾರೆ, ಚೌಕಾಸಿ ನಡೆಯುವುದು ಕಷ್ಟ. ಆಷಾಢದಲ್ಲಿ ಬಹಳ ಮಂದಿ ಮನೆ ಬದಲಾಯಿಸುವುದಿಲ್ಲ. ನಿಮಗೆ ಆ ಅಡ್ಡಿ ಇಲ್ಲದಿದ್ದರೆ ಅದು ಮಾತಾಡಲು ಒಳ್ಳೆಯ ಸಮಯ. ಇದ್ದರೂ ಆಷಾಢದಲ್ಲಿ ನೋಡಿಟ್ಟು, ಮಾತು ಮುಗಿಸಿ, ಶ್ರಾವಣದಲ್ಲಿ ಹಾಲುಕ್ಕಿಸಬಹುದು.

ಒಂದು ಎಚ್ಚರಿಕೆ. "ನಾನು ಸೈನ್ಯದಲ್ಲಿದ್ದೇನೆ, ಊರಲ್ಲಿಲ್ಲ, ಮನೆ ನೋಡಬೇಕಾದರೆ ಗೇಟ್ ಪಾಸ್‌ಗೆ ಹಣ ಕಳಿಸಿ" ಅಂತ ಯಾರಾದರೂ ಅಂದರೆ ಅಲ್ಲಿಗೇ ಫೋನ್ ಇಡಿ. ಮನೆ ನೋಡದೆ, ಓನರ್ ಯಾರು ಅಂತ ಖಾತ್ರಿಯಾಗದೆ ಒಂದು ರೂಪಾಯಿ ಟೋಕನ್ ಕೂಡ ಕೊಡಬೇಡಿ. ಹಣ ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

4. ಪಾರ್ಕಿಂಗ್ ನೋಡುವ ಕ್ರಮ

ಇಲ್ಲಿ ಅವಸರ ಮಾಡಬೇಡಿ. ಬ್ರೋಕರ್ ಸಾಮಾನ್ಯವಾಗಿ ಮಧ್ಯಾಹ್ನ ತೋರಿಸುತ್ತಾರೆ. ಆಗ ಅರ್ಧ ಕಾರು ಆಫೀಸಿಗೆ ಹೋಗಿರುತ್ತವೆ, ಕೆಳಗಡೆ ಮೈದಾನದಂತೆ ಕಾಣುತ್ತದೆ. ಮನೆ ಹಿಡಿಸಿದರೆ ಇನ್ನೊಂದು ಸಲ ರಾತ್ರಿ ಒಂಬತ್ತೂವರೆಗೆ ಹೋಗಿ, ನಿಮ್ಮದೇ ಕಾರಿನಲ್ಲಿ. ಹೋಗುವಾಗ ಒಂದು ಅಳತೆ ಟೇಪ್ ಜೇಬಿನಲ್ಲಿರಲಿ.

ಮೊದಲು ಕಾರನ್ನು ಆ ಜಾಗದಲ್ಲಿ ನಿಲ್ಲಿಸಿ ನೋಡಿ. ಓನರ್ ಮುಂದೆ ಸಂಕೋಚ ಪಡಬೇಕಾಗಿಲ್ಲ. ಒಂದೇ ಸಲಕ್ಕೆ ಒಳಗೆ ಹೋಗುತ್ತದೆಯೇ, ನಾಲ್ಕು ಸಲ ಹಿಂದೆ ಮುಂದೆ ಮಾಡಬೇಕೇ? ಬಾಗಿಲು ತೆರೆದು ಇಳಿಯಿರಿ. ಹಿಂದಿನ ಬಾಗಿಲೂ ತೆರೆಯಿರಿ, ಮಗುವನ್ನೋ ವಯಸ್ಸಾದ ಅಮ್ಮನನ್ನೋ ಇಳಿಸಬೇಕಾಗುತ್ತದೆ ಅಲ್ವಾ?

ಆಮೇಲೆ ಅಳೆಯಿರಿ. ಸ್ವಿಫ್ಟ್ ಸುಮಾರು 3.86 ಮೀಟರ್ ಉದ್ದ, 1.73 ಮೀಟರ್ ಅಗಲ. ಕ್ರೆಟಾ 4.3 ಮೀಟರ್ ದಾಟುತ್ತದೆ, ಅಗಲ 1.79. ಇನೋವಾ ಕ್ರಿಸ್ಟಾ 4.7 ಮೀಟರ್‌ಗಿಂತ ಉದ್ದ. ಜಾಗದ ಅಗಲ ಎರಡೂವರೆ ಮೀಟರ್ ಇದ್ದರೆ ಕ್ರೆಟಾಗೆ ಎರಡೂ ಬದಿ ಸೇರಿ 70 ಸೆಂಟಿಮೀಟರ್ ಉಳಿಯುತ್ತದೆ. ಆರಾಮಾಗಿ ಇಳಿಯಲು ಒಂದೇ ಬದಿಗೆ 60 ಸೆಂಟಿಮೀಟರ್ ಆದರೂ ಬೇಕು. ಒಂದು ಕಡೆ ಕಂಬ ಬಂತೆಂದರೆ ಕಥೆ ಮುಗಿಯಿತು. ಕಂಬ ಜಾಗದ ಮುಂಭಾಗದಲ್ಲಿ ಅಥವಾ ಹಿಂಭಾಗದಲ್ಲಿದ್ದರೆ ತಡೆದುಕೊಳ್ಳಬಹುದು, ಬಾಗಿಲಿಗೆ ಸರಿಯಾಗಿ ನಡುವೆ ಇದ್ದರೆ ಬೇಡ. ಬಣ್ಣದ ಗೆರೆಯಿಂದ ಗೆರೆಗೆ ಅಳೆಯಬೇಡಿ, ಕಂಬದ ಮೈಯಿಂದ ಅಳೆಯಿರಿ.

ಯಾವ ತರಹದ ಪಾರ್ಕಿಂಗ್ ಅನ್ನುವುದೂ ಮುಖ್ಯ. ನನ್ನ ಮೊದಲ ಆಯ್ಕೆ ಸ್ಟಿಲ್ಟ್, ಅಂದರೆ ನೆಲಮಟ್ಟದಲ್ಲಿ ಕಂಬಗಳ ಮೇಲೆ ಕಟ್ಟಡ ನಿಂತು, ಕೆಳಗೆ ಕಾರು. ಬಿಸಿಲಿಲ್ಲ, ನೀರು ನಿಲ್ಲುವುದೂ ಕಡಿಮೆ. ಬೇಸ್‌ಮೆಂಟ್ ಆದರೆ ಇಳಿಜಾರು ಎಷ್ಟು ಕಡಿದಾಗಿದೆ ನೋಡಿ. ನಾಲ್ಕು ಜನ ಕೂತಾಗ ಕಾರಿನ ತಳ ತಾಗುವ ಕಟ್ಟಡಗಳಿವೆ. ಮಳೆನೀರು ಎತ್ತುವ ಪಂಪ್ ಇದೆಯೇ, ಕರೆಂಟ್ ಹೋದಾಗ ಜನರೇಟರ್‌ನಲ್ಲಿ ಅದು ಓಡುತ್ತದೆಯೇ ಅಂತ ಕೇಳಿ. ಇದು ಸುಮ್ನೆ ಹೆದರಿಸುವ ಮಾತಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದಲ್ಲಿ ಬೇಸ್‌ಮೆಂಟ್‌ಗಳಲ್ಲಿದ್ದ ಕಾರುಗಳು ನೀರಿನಲ್ಲಿ ಮುಳುಗಿದವು. ಯಲಹಂಕದ ಒಂದು ದೊಡ್ಡ ಅಪಾರ್ಟ್‌ಮೆಂಟ್‌ಗೆ 2021ರ ನವೆಂಬರ್‌ನಲ್ಲಿ ನೀರು ನುಗ್ಗಿತು, 2024ರ ಅಕ್ಟೋಬರ್‌ನಲ್ಲಿ ಮತ್ತೆ ನುಗ್ಗಿತು, ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು. ಬೇಸ್‌ಮೆಂಟ್ ಗೋಡೆಯ ಕೆಳಭಾಗ ನೋಡಿ. ನೀರು ನಿಂತಿದ್ದರೆ ಒಂದೇ ಮಟ್ಟದಲ್ಲಿ ಕಲೆಯ ಗೆರೆ ಇರುತ್ತದೆ, ಬಣ್ಣ ಬಳಿದಿದ್ದರೂ ಮೂಲೆಗಳಲ್ಲಿ ಕಾಣುತ್ತದೆ.

ಹಿಂದೆ-ಮುಂದೆ ಎರಡು ಕಾರು ನಿಲ್ಲುವ ಜಾಗವನ್ನು ಬೇರೆ ಮನೆಯವರ ಜೊತೆ ಹಂಚಿಕೊಳ್ಳಬೇಕೆಂದರೆ ನಾನು ಒಪ್ಪುವುದಿಲ್ಲ. ಬೆಳಿಗ್ಗೆ ಆರಕ್ಕೆ ಅವರನ್ನು ಎಬ್ಬಿಸಬೇಕು, ಇಲ್ಲ ಅವರು ನಿಮ್ಮನ್ನು ಎಬ್ಬಿಸುತ್ತಾರೆ. ಎಷ್ಟು ಒಳ್ಳೆಯವರಾದರೂ ಆರು ತಿಂಗಳಲ್ಲಿ ಮನಸ್ತಾಪ ಬರುತ್ತದೆ. ಯಂತ್ರದಲ್ಲಿ ಒಂದರ ಮೇಲೊಂದು ಕಾರು ಏರಿಸುವ ಸ್ಟ್ಯಾಕ್ ಪಾರ್ಕಿಂಗ್ ಇದ್ದರೆ, ಎಷ್ಟು ಎತ್ತರದ, ಎಷ್ಟು ತೂಕದ ಕಾರಿಗೆ ಅವಕಾಶ ಅಂತ ಅದರ ಮೇಲಿನ ಫಲಕ ಓದಿ. ಎಸ್‌ಯುವಿಗಳು ಅದರಲ್ಲಿ ಹಿಡಿಯದಿರಬಹುದು.

ಕೊನೆಗೆ ತಲೆ ಎತ್ತಿ ನೋಡಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಜಾಗದ ಮೇಲೆ ಬಾತ್‌ರೂಮ್ ಪೈಪುಗಳು ಹೋಗಿದ್ದು, ಸೀಲಿಂಗ್‌ನಲ್ಲಿ ಬಿಳಿ ಬಿಳಿ ಗಡ್ಡೆಯಂತೆ ಸುಣ್ಣ ಕಟ್ಟಿದ್ದರೆ ಅಲ್ಲಿ ನೀರು ಸೋರುತ್ತಿದೆ ಅಂತ ಅರ್ಥ. ಕಾಂಕ್ರೀಟ್ ದಾಟಿ ಬರುವ ಆ ನೀರು ಸುಣ್ಣವನ್ನು ಕರಗಿಸಿಕೊಂಡು ಬರುತ್ತದೆ. ಬಾನೆಟ್ ಮೇಲೆ ಬಿದ್ದು ಒಣಗಿದರೆ ಬಿಳಿ ಕಲೆ ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ, ತೊಳೆದರೆ ಹೋಗುವುದಿಲ್ಲ. ನೆಲದ ಮೇಲೆ ಇಲಿ ಹಿಕ್ಕೆ ಇದೆಯಾ ಅಂತಲೂ ನೋಡಿ, ಇಲಿ ವೈರ್ ಕಡಿದರೆ ಸಾವಿರಾರು ರೂಪಾಯಿ ಖರ್ಚು. ಸ್ಕೂಟರ್‌ಗೆ ಬೇರೆ ಜಾಗ ಇದೆಯಾ, ನೆಂಟರ ಕಾರು ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಆಗಲೇ ಕೇಳಿಬಿಡಿ. ಎಲೆಕ್ಟ್ರಿಕ್ ಗಾಡಿ ಇದ್ದರೆ ಚಾರ್ಜಿಂಗ್ ಪಾಯಿಂಟ್ ಹಾಕಿಸಲು ಓನರ್ ಜೊತೆಗೆ ಅಸೋಸಿಯೇಷನ್‌ನ, ಅಂದರೆ ಫ್ಲಾಟ್ ಮಾಲೀಕರ ಸಂಘದ ಒಪ್ಪಿಗೆಯೂ ಬೇಕಾಗುತ್ತದೆ. ಅಡ್ವಾನ್ಸ್ ಕೊಡುವ ಮುಂಚೆ ಅದು ಬರಹದಲ್ಲಿ ಸಿಗಬೇಕು.

5. ಆ ಜಾಗ ನಿಜವಾಗಿ ಯಾರದ್ದು?

ಓನರ್ "ನಮ್ಮದೇ" ಅಂದರೆ ಸಾಲದು. ಸ್ಟಿಲ್ಟ್ ಪಾರ್ಕಿಂಗ್ ಎಲ್ಲರಿಗೂ ಸೇರಿದ ಜಾಗ, ಬಿಲ್ಡರ್ ಅದನ್ನು ಬೇರೆಯಾಗಿ ಮಾರುವಂತಿಲ್ಲ ಅಂತ ಮುಂಬೈನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪು ಕೊಟ್ಟಿದೆ. ರಿಯಲ್ ಎಸ್ಟೇಟ್ ನಿಯಂತ್ರಣದ 2016ರ ರೇರಾ ಕಾಯ್ದೆ ಕೂಡ ಬಯಲು ಪಾರ್ಕಿಂಗನ್ನು ಸಾಮಾನ್ಯ ಜಾಗಗಳ ಪಟ್ಟಿಯಲ್ಲೇ ಇಟ್ಟಿದೆ. ಹೀಗಾಗಿ ಎಷ್ಟೋ ಕಡೆ ಜಾಗ ಹಂಚುವುದು ಅಸೋಸಿಯೇಷನ್. ಕೆಲವು ಕಡೆ ವರ್ಷಕ್ಕೊಮ್ಮೆ ಬದಲಾಯಿಸುತ್ತಾರೆ, ಕೆಲವು ಕಡೆ ಮೊದಲು ಬಂದವರಿಗೆ ಮೊದಲು.

ಕೇಳಬೇಕಾದ್ದು ಎರಡು. ಓನರ್ ಹತ್ತಿರ, ಅವರ ಕ್ರಯಪತ್ರದಲ್ಲಿ ಪಾರ್ಕಿಂಗ್ ಬಗ್ಗೆ ಬರೆದ ಪುಟ ಅಥವಾ ಅಸೋಸಿಯೇಷನ್ ಕೊಟ್ಟ ಹಂಚಿಕೆ ಪತ್ರ. ಅಸೋಸಿಯೇಷನ್ ಸೆಕ್ರೆಟರಿ ಹತ್ತಿರ, "ಈ ಫ್ಲಾಟ್‌ಗೆ ಯಾವ ನಂಬರಿನ ಜಾಗ? ಬಾಡಿಗೆಯವರಿಗೂ ಅದೇನಾ?" ಅನ್ನುವ ಪ್ರಶ್ನೆ. ಫ್ಲಾಟ್ ಬಾಡಿಗೆಗೆ ಕೊಟ್ಟು ಪಾರ್ಕಿಂಗನ್ನು ಪಕ್ಕದ ಮನೆಯವರಿಗೆ ಬೇರೆ ಬಾಡಿಗೆಗೆ ಕೊಟ್ಟಿರುವ ಓನರ್‌ಗಳೂ ಇದ್ದಾರೆ. ನಮ್ಮ ಮೊದಲ ಮನೆಯಲ್ಲಿ ಆಗಿದ್ದು ಬೇರೆ ತರಹ. ನಮಗೆ ತೋರಿಸಿದ್ದು ಒಂದು ಜಾಗ, ಕೊಟ್ಟಿದ್ದು ಇನ್ನೊಂದು.

6. ಈಗ ಮನೆಯೊಳಗೆ

ಇದನ್ನು ಎಲ್ಲರೂ ನೋಡಿಯೇ ನೋಡುತ್ತಾರೆ, ಹಾಗಾಗಿ ಜಾಸ್ತಿ ಹೇಳುವುದಿಲ್ಲ. ಎಲ್ಲ ನಲ್ಲಿ ಬಿಟ್ಟು ನೋಡಿ, ಫ್ಲಶ್ ಮಾಡಿ ನೋಡಿ, ಬಾತ್‌ರೂಮಿನ ಹಿಂದಿನ ಗೋಡೆಯಲ್ಲಿ ತೇವ ಇದೆಯಾ ಮುಟ್ಟಿ ನೋಡಿ.

ನೀರಿನ ಬಗ್ಗೆ ಮಾತ್ರ ಬಿಡದೆ ಕೇಳಿ. ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಬೋರ್‌ವೆಲ್ ಇದೆಯಾ? 2024ರ ಬೇಸಿಗೆಯಲ್ಲಿ ಟ್ಯಾಂಕರ್ ಎಷ್ಟು ತರಿಸಿದ್ದರು? ಆ ಬೇಸಿಗೆ ಬೆಂಗಳೂರಿನ ಎಲ್ಲ ಕಟ್ಟಡಗಳಿಗೂ ಪರೀಕ್ಷೆ ಇದ್ದಂತಿತ್ತು. ಆಗ ಹೇಗೆ ನಿಭಾಯಿಸಿದರು ಅಂತ ಅಲ್ಲಿರುವ ಬಾಡಿಗೆಯವರಿಂದಲೇ ತಿಳಿದುಕೊಳ್ಳಿ. ಟ್ಯಾಂಕರ್ ಹಣ ಮೇಂಟೆನೆನ್ಸ್‌ನಲ್ಲೇ ಸೇರಿದೆಯೋ ಮೇಲೆ ಕೊಡಬೇಕೋ ಅಂತಲೂ ಕೇಳಿ.

7. ಮಾತುಕತೆ

ಬಾಡಿಗೆ ಕಡಿಮೆ ಮಾಡಿ ಅನ್ನುವುದಕ್ಕಿಂತ ಅಡ್ವಾನ್ಸ್, ವರ್ಷದ ಏರಿಕೆ, ಪೇಂಟಿಂಗ್ ಈ ಮೂರರಲ್ಲಿ ಮಾತಾಡಿ. ಬಾಡಿಗೆ ವಿಷಯದಲ್ಲಿ ಗಟ್ಟಿಯಾಗಿ ಕೂರುವ ಓನರ್ ಇಲ್ಲಿ ಸಡಿಲವಾಗುವುದುಂಟು. "ಪೇಂಟಿಂಗ್ ಹಣ ಹಿಡಿಯಿರಿ, ಆದರೆ ನಾವು ಬರುವ ಮುಂಚೆ ಹೊಸ ಪೇಂಟ್ ಆಗಿರಬೇಕು" ಅನ್ನುವುದು ನ್ಯಾಯವಾದ ಮಾತು. ಅಡ್ವಾನ್ಸ್ ಎರಡು ತಿಂಗಳಿಗಿಂತ ಹೆಚ್ಚಿರಬಾರದು ಅಂತ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿದೆ. ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ, ತಾನಾಗಿ ಇಲ್ಲಿ ಅನ್ವಯಿಸುವುದಿಲ್ಲ. ಬೆಂಗಳೂರಿನಲ್ಲಿ ಮೊದಲು ಹತ್ತು ತಿಂಗಳು ಕೇಳುವ ರೂಢಿ ಇತ್ತು. ಈಗ ಐದಾರು ತಿಂಗಳಿಗೆ ಒಪ್ಪುವವರು ಸಿಗುತ್ತಾರೆ.

ಊಟ, ಜಾತಿ, ಧರ್ಮ, ಮದುವೆಯಾಗಿದೆಯೋ ಇಲ್ಲವೋ ಅಂತ ಕೇಳುವವರು ಇನ್ನೂ ಇದ್ದಾರೆ. ನನಗೆ ಇದು ತುಂಬಾ ನೋವು ಕೊಡುವ ವಿಷಯ. ನನ್ನ ಜೊತೆ ಕೆಲಸ ಮಾಡುವ ಹುಡುಗಿಗೆ ಒಂದೇ ವಾರದಲ್ಲಿ ಮೂರು ಮನೆ ಈ ಕಾರಣಕ್ಕೆ ತಪ್ಪಿದವು. ಅಂಥ ಮನೆಯಲ್ಲಿ ಸುಳ್ಳು ಹೇಳಿಕೊಂಡು ಸೇರಬೇಡಿ, ದಿನಾ ಹೆದರಿಕೊಂಡು ಅಡುಗೆ ಮಾಡುವ ಬದುಕು ಯಾರಿಗೂ ಬೇಡ. ಮೊದಲ ಫೋನಿನಲ್ಲೇ ಕೇಳಿ ತಿಳಿದುಕೊಂಡರೆ ಹೋಗಿ ಅವಮಾನ ಪಡುವುದಾದರೂ ತಪ್ಪುತ್ತದೆ.

8. ಅಗ್ರಿಮೆಂಟ್

ಹನ್ನೊಂದೇ ತಿಂಗಳು ಯಾಕೆ ಅಂತ ಬಹಳ ಮಂದಿ ಕೇಳುತ್ತಾರೆ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ದಾಟುವ ಬಾಡಿಗೆ ಕರಾರು ಪತ್ರಕ್ಕೆ ನೋಂದಣಿ ಕಡ್ಡಾಯ. ಅದನ್ನು ತಪ್ಪಿಸಲು ಈ ಹನ್ನೊಂದು ತಿಂಗಳು.

ಇನ್ನೂ ಮುಖ್ಯವಾದ ವಿಷಯ: 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆ ಇರುವ ವಾಸದ ಮನೆಗಳಿಗೆ ಅನ್ವಯಿಸುವುದಿಲ್ಲ. ಅಂದರೆ ಇವತ್ತಿನ ಯಾವ ಅಪಾರ್ಟ್‌ಮೆಂಟ್‌ಗೂ ಅದರ ರಕ್ಷಣೆ ಇಲ್ಲ ಅಂತಲೇ ಲೆಕ್ಕ. ಜಗಳ ಬಂದಾಗ ನಿಮ್ಮ ಕೈಯಲ್ಲಿರುವುದು ಇ-ಸ್ಟಾಂಪ್ ಕಾಗದದ ಮೇಲಿನ ಅಗ್ರಿಮೆಂಟ್ ಒಂದೇ. ಆದ್ದರಿಂದ ಜೆರಾಕ್ಸ್ ಅಂಗಡಿಯವರು ಹೆಸರು ಬದಲಾಯಿಸಿ ಕೊಡುವ ಹಳೆ ಪ್ರತಿಗೆ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಪಾರ್ಕಿಂಗ್ ಬಗ್ಗೆ ನಾವು ಈಗಿನ ಮನೆಗೆ ಬರೆಸಿದ ಸಾಲುಗಳು ಇವು, ನಂಬರ್ ಬದಲಾಯಿಸಿ ಹಾಗೇ ಬಳಸಿಕೊಳ್ಳಿ:

"ಸ್ಟಿಲ್ಟ್‌ನಲ್ಲಿರುವ 17ನೇ ನಂಬರಿನ ಕಾರ್ ಪಾರ್ಕಿಂಗ್ ಜಾಗ ಮತ್ತು ಒಂದು ಸ್ಕೂಟರ್ ನಿಲ್ಲಿಸುವ ಜಾಗವನ್ನು ಬಾಡಿಗೆ ಅವಧಿ ಪೂರ್ತಿ ಬಾಡಿಗೆದಾರರ ಉಪಯೋಗಕ್ಕೆ ಮಾತ್ರ ಕೊಡಲಾಗಿದೆ. ಇದಕ್ಕೆ ಬೇರೆ ಬಾಡಿಗೆ ಇಲ್ಲ. ಯಾವುದೇ ಕಾರಣಕ್ಕೆ ಈ ಜಾಗ ಸಿಗದಿದ್ದರೆ, ಸಿಗುವವರೆಗೆ ತಿಂಗಳಿಗೆ 2,500 ರೂಪಾಯಿ ಬಾಡಿಗೆಯಲ್ಲಿ ಕಡಿಮೆ ಮಾಡಲಾಗುವುದು."

ಕೊನೆಯ ವಾಕ್ಯ ಓದಿ ನಮ್ಮ ಓನರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರೇ ಸೆಕ್ರೆಟರಿಗೆ ಫೋನ್ ಮಾಡಿ 17 ನಮ್ಮದೇ ತಾನೇ ಅಂತ ಕೇಳಿ ಖಚಿತ ಮಾಡಿಕೊಂಡರು. ಆ ಫೋನ್ ಮಾಡಿಸಿದ್ದಕ್ಕೇ ಆ ವಾಕ್ಯ ಸಾರ್ಥಕ.

ಉಳಿದಂತೆ ನೋಟಿಸ್ ಅವಧಿ, ಏರಿಕೆ ಎಷ್ಟು, ಮೇಂಟೆನೆನ್ಸ್ ಯಾರು ಕೊಡಬೇಕು, ಗೀಸರ್ ಕೆಟ್ಟರೆ ಯಾರ ಖರ್ಚು, ಮನೆ ಬಿಟ್ಟ ಎಷ್ಟು ದಿನಕ್ಕೆ ಅಡ್ವಾನ್ಸ್ ವಾಪಸ್ ಅನ್ನುವುದೆಲ್ಲ ಬರಹದಲ್ಲಿರಲಿ. ನೋಟಿಸ್ ಬಗ್ಗೆ ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಗೆ ಕಾನೂನಿನಲ್ಲಿ ಹದಿನೈದೇ ದಿನ. ಹದಿನೈದು ದಿನದಲ್ಲಿ ಸಂಸಾರ ಎತ್ತಿಕೊಂಡು ಹೋಗುವುದು ಆಗದ ಮಾತು. ಹಣವನ್ನೆಲ್ಲ ಬ್ಯಾಂಕ್ ಮೂಲಕವೇ ಕೊಡಿ. ಕಂಪನಿಗೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ತೋರಿಸುವವರು, ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಓನರ್ ಪ್ಯಾನ್ ನಂಬರ್ ಬೇಕು ಅಂತ ಮೊದಲೇ ಹೇಳಿಬಿಡಿ. ಓನರ್ ಅಮೆರಿಕದಲ್ಲೋ ದುಬೈನಲ್ಲೋ ನೆಲೆಸಿದ ಎನ್‌ಆರ್‌ಐ ಆಗಿದ್ದರೆ ಬಾಡಿಗೆಯಲ್ಲಿ ಟಿಡಿಎಸ್, ಅಂದರೆ ಅವರ ಆದಾಯ ತೆರಿಗೆಯನ್ನು ಮೊದಲೇ ಹಿಡಿದು ಕಟ್ಟುವ ಹೊಣೆ ನಿಮ್ಮದು. ಸಹಿ ಹಾಕುವ ಮುಂಚೆ ಒಬ್ಬ ಆಡಿಟರ್ ಹತ್ತಿರ ಮಾತಾಡಿ.

ಬಾಡಿಗೆ ಬದಲು ಭೋಗ್ಯಕ್ಕೆ ಹಾಕಿಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಹತ್ತು ಹದಿನೈದು ಲಕ್ಷ ಒಟ್ಟಿಗೆ ಕೊಡುತ್ತೀರಿ. ಆ ಫ್ಲಾಟ್ ಮೇಲೆ ಬ್ಯಾಂಕ್ ಸಾಲ ಇದ್ದು ಓನರ್ ಕಂತು ಕಟ್ಟದಿದ್ದರೆ ಬ್ಯಾಂಕಿನವರು ಬರುವುದು ನೀವಿರುವ ಬಾಗಿಲಿಗೆ. ನೋಂದಣಿ ಇಲಾಖೆಯ ಜಾಲತಾಣ ಕಾವೇರಿ ಆನ್‌ಲೈನ್‌ನಲ್ಲಿ ಋಣಭಾರ ಪತ್ರ, ಅಂದರೆ ಇಸಿ ತೆಗೆಸಿ ನೋಡಿ, ಪತ್ರವನ್ನು ನೋಂದಣಿ ಮಾಡಿಸಿ. ನೋಂದಣಿ ಬೇಡ ಅನ್ನುವ ಓನರ್‌ಗೆ ಭೋಗ್ಯದ ಹಣ ಕೊಡಬೇಡಿ.

9. ಮನೆಗೆ ಬರುವ ದಿನ

ಸಾಮಾನು ಇಳಿಸುವ ಮುಂಚೆ ಖಾಲಿ ಮನೆಯ ವಿಡಿಯೋ ಮಾಡಿ. ಗೋಡೆ, ಸ್ವಿಚ್, ಸಿಂಕ್, ಕಬೋರ್ಡ್ ಒಳಭಾಗ ಎಲ್ಲ ಬರಲಿ. ಹಾಗೇ ಕೆಳಗೆ ಬಂದು ಪಾರ್ಕಿಂಗ್ ಜಾಗ, ನಂಬರ್, ಮೇಲಿನ ಸೀಲಿಂಗ್ ಕೂಡ ತೆಗೆದುಕೊಳ್ಳಿ. ಅದನ್ನು ಅವತ್ತೇ ಓನರ್‌ಗೆ ವಾಟ್ಸ್‌ಆ್ಯಪ್ ಮಾಡಿ, ತಾರೀಖಿನ ಸಮೇತ ದಾಖಲೆಯಾಗುತ್ತದೆ. ಬೆಸ್ಕಾಂ ಮೀಟರ್ ರೀಡಿಂಗ್ ಫೋಟೋ ತೆಗೆಯಿರಿ. ಹಳೆ ಬಾಕಿ ಇದ್ದರೆ ಅವತ್ತೇ ಕಟ್ಟಿಸಿಬಿಡಿ.

ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಹಿಂದೆ ಇದ್ದವರ ಆಧಾರ್ ಆ ಮನೆಯ ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರಿಗೆ ಜೋಡಿಯಾಗಿದ್ದರೆ ಮೊದಲು ಅದನ್ನು ಬಿಡಿಸಬೇಕು, ಆಮೇಲೆ ನಿಮ್ಮದನ್ನು ಜೋಡಿಸಬೇಕು. ಅವರ ಫೋನ್ ನಂಬರ್ ಓನರ್ ಹತ್ತಿರ ಇರುವಾಗಲೇ ಈ ಕೆಲಸ ಮುಗಿಸಿ. ನೀವು ಬಿಡುವಾಗಲೂ ಹಳೆಯ ಮನೆಯ ಜೋಡಣೆ ಬಿಡಿಸಿ ಹೋಗಿ, ಮುಂದೆ ಬರುವವರಿಗೆ ಕಷ್ಟವಾಗಬಾರದು.

ಕಾರಿನ ಸ್ಟಿಕ್ಕರ್ ಸೆಕ್ರೆಟರಿ ಹತ್ತಿರ ಅದೇ ದಿನ ಈಸ್ಕೊಳ್ಳಿ. ಸೆಕ್ಯೂರಿಟಿಯವರಿಗೆ ನಿಮ್ಮ ಗಾಡಿ ನಂಬರ್, ಫೋನ್ ನಂಬರ್ ಬರೆದುಕೊಡಿ. ಎರಡೂ ಪಕ್ಕದ ಜಾಗದವರನ್ನು ಪರಿಚಯ ಮಾಡಿಕೊಂಡು ಅವರ ನಂಬರ್ ತೆಗೆದುಕೊಳ್ಳಿ. ನಾವು ಈಗಿನ ಮನೆಯಲ್ಲಿ ಹಾಲುಕ್ಕಿಸಿದ ದಿನ ಒಂದು ಡಬ್ಬಿ ಸಜ್ಜಿಗೆಯನ್ನು 16ನೇ ನಂಬರಿನವರಿಗೂ ಒಂದು ಡಬ್ಬಿಯನ್ನು 18ರವರಿಗೂ ಕೊಟ್ಟೆವು. ಮಾರನೇ ದಿನ ಬೆಳಿಗ್ಗೆ ನೋಡಿದರೆ 18ರವರು ತಮ್ಮ ಕಾರನ್ನು ಗೋಡೆ ಕಡೆಗೆ ಅರ್ಧ ಅಡಿ ಸರಿಸಿ ನಿಲ್ಲಿಸಿದ್ದರು.